ಗೋಡೆ ಬರೆದವರ ಪಾಲಿಗೆ ಮೂರು ನಿಮಿಷ: ಉತ್ತರ ಘಾನಾದ ಒಂದು ಸಾಕ್ಷ್ಯಚಿತ್ರದ ಪ್ರಕರಣ

ಹಿನ್ನೆಲೆ

ಘಾನಾದ ಈಶಾನ್ಯದ ಅಪ್ಪರ್ ಈಸ್ಟ್ ಪ್ರಾಂತ್ಯ ಬುರ್ಕಿನಾ ಫಾಸೊ ಗಡಿಗೆ ತಾಗಿಕೊಂಡಿದೆ. ಅಲ್ಲಿನ ಹಳ್ಳಿಗಳಲ್ಲಿ ಮಣ್ಣಿನ ಗೋಡೆ ಎಬ್ಬಿಸುವುದು ಗಂಡಸರ ಕೆಲಸ. ಅದಕ್ಕೆ ಗಿಲಾವು ಹಾಕಿ, ಕಲ್ಲಿನಿಂದ ತಿಕ್ಕಿ ನುಣುಪು ಮಾಡಿ, ಕೆಂಪು, ಕಪ್ಪು, ಬಿಳಿ ಬಣ್ಣಗಳಲ್ಲಿ ಚಿತ್ತಾರ ಬರೆಯುವುದು ಹೆಂಗಸರ ಕೆಲಸ. ಸಿರಿಗು ಊರಿನ ಹೆಂಗಸರು 1997ರಲ್ಲಿ ಮಡಕೆ ಮತ್ತು ಚಿತ್ರಕಲೆಗೆಂದು ಸಂಘ ಕಟ್ಟಿಕೊಂಡ ಮೇಲೆ ಈ ಕಲೆ ಪ್ರವಾಸಿಗರ ಕಣ್ಣಿಗೂ ಬಿತ್ತು. ಗಡಿಯಾಚೆ ಇದೇ ಬಗೆಯ ಗೋಡೆಗಳಿರುವ ತಿಯೆಬೆಲೆಯ ಅರಮನೆ ಆವರಣ 2024ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಇಲ್ಲಿ ಹೇಳುವ ಸಾಕ್ಷ್ಯಚಿತ್ರ ತಯಾರಾದದ್ದು ಈ ಎರಡೂ ಊರುಗಳಲ್ಲಲ್ಲ, ನಂಕಾನಿ ಭಾಷೆ ಆಡುವ ಇನ್ನೊಂದು ಹಳ್ಳಿಯಲ್ಲಿ.

ಚಿತ್ರದಲ್ಲಿ ಕಲಾವಿದೆಯ ಪೂರ್ಣ ಹೆಸರಿದೆ, ಈ ಬರಹದಲ್ಲಿಲ್ಲ. ತಂಡದೊಳಗಿನ ಜಟಾಪಟಿ, ಹಣದ ಲೆಕ್ಕ, ಮನೆಯ ಮಾತು ಎಲ್ಲವೂ ಬರುವುದರಿಂದ ಊರು, ಸಂಸ್ಥೆ, ವಾಹಿನಿ ಯಾವುದನ್ನೂ ಹೆಸರಿಸಿಲ್ಲ. ಗುರುತು ಹಿಡಿಸಬಹುದಾದ ಕೆಲವು ವಿವರಗಳನ್ನು ಬದಲಿಸಿದೆ.

ನಿರ್ದೇಶಕಿ ಅಕ್ರಾದವರು, ಕಿರುಚಿತ್ರಗಳನ್ನು ಮಾಡಿ ಪಳಗಿದವರು. ನಂಕಾನಿ ಬಾರದು. ಹಣ ಕೊಟ್ಟದ್ದು ಯುರೋಪಿನ ಒಂದು ವಾಹಿನಿಯ ಕಲಾ ವಿಭಾಗ. 52 ನಿಮಿಷದ ಚಿತ್ರ ಬೇಕೆಂದು ಒಪ್ಪಂದ. ಊರಿನಲ್ಲಿ ಓಡಾಟ, ವಸತಿ, ದುಭಾಷಿ ಎಲ್ಲವನ್ನೂ ಒದಗಿಸಿದ್ದು ಅಲ್ಲಿ ಮೊದಲಿಂದ ಕೆಲಸ ಮಾಡುತ್ತಿದ್ದ ಒಂದು ಸ್ವಯಂಸೇವಾ ಸಂಸ್ಥೆ. ಚಿತ್ರದ ಕೇಂದ್ರದಲ್ಲಿದ್ದ ಕಲಾವಿದೆಗೆ ಎಪ್ಪತ್ತರ ಹತ್ತಿರ ವಯಸ್ಸು. ಸುತ್ತಲಿನ ನಾಲ್ಕೈದು ಊರುಗಳಲ್ಲಿ ಯಾರ ಮನೆಗೆ ಗೋಡೆ ಬರೆಯಬೇಕಾದರೂ ಅಳತೆ ನಿರ್ಧರಿಸಲು ಅವರನ್ನೇ ಕರೆಯುತ್ತಿದ್ದರು.

ಮೊದಲ ಚಿತ್ರೀಕರಣ ಆಗಸ್ಟ್‌ನಲ್ಲಿ ನಡೆಯಿತು. ವಾಹಿನಿಯ ಹಣಕಾಸಿನ ವೇಳಾಪಟ್ಟಿಗೆ ಅದೇ ಹೊಂದುತ್ತಿತ್ತು. ಆ ಸೀಮೆಯಲ್ಲಿ ಮಳೆಗಾಲ ವರ್ಷಕ್ಕೊಂದೇ, ಸುಮಾರು ಮೇಯಿಂದ ಅಕ್ಟೋಬರ್‌ವರೆಗೆ. ಆಗ ಹೆಂಗಸರು ಹೊಲದಲ್ಲಿರುತ್ತಾರೆ, ಮಣ್ಣಿನ ಗಿಲಾವು ಒಣಗುವುದಿಲ್ಲ, ಹಸಿ ಬಣ್ಣವನ್ನು ಒಂದು ಮಳೆ ತೊಳೆದುಕೊಂಡು ಹೋಗುತ್ತದೆ. ಗೋಡೆ ಬರೆಯುವುದು ಸುಗ್ಗಿ ಮುಗಿದ ಮೇಲೆ, ಒಣಗಾಲದಲ್ಲಿ. ಹೀಗಾಗಿ ಸಂಸ್ಥೆಯವರು ಒಂದು ಜಗಲಿಯ ಒಳಗೋಡೆಯಲ್ಲಿ ಎರಡು ಮೀಟರ್ ಅಗಲದ ಜಾಗ ತೋರಿಸಿ, ಕ್ಯಾಮೆರಾಕ್ಕಾಗಿ ಬರೆದು ತೋರಿಸಲು ಮೂವರು ಹೆಂಗಸರನ್ನು ಕರೆಸಿದರು. ಪ್ರವಾಸಿಗರು ಬಂದಾಗ ಮಾಡುವ ಏರ್ಪಾಡೇ ಇದು. ಎರಡು ಗಂಟೆಯಲ್ಲಿ ಕೆಲಸ ಮುಗಿಯಿತು. ಕಲಾವಿದೆ ಬಹುಹೊತ್ತು ಪಕ್ಕದಲ್ಲಿ ಕೂತು ನೋಡುತ್ತಿದ್ದರು, ಕೇಳಿದಾಗ ಎದ್ದು ನಾಲ್ಕು ಗೆರೆ ಎಳೆದರು.

ರಫ್ ಕಟ್‌ನ ಲೆಕ್ಕ

ಸಂಕಲನಕಾರರು ಕಟ್ಟಿದ ಮೊದಲ ಕಚ್ಚಾ ರೂಪ (ರಫ್ ಕಟ್) 64 ನಿಮಿಷ ಇತ್ತು. ನೋಡಿದವರೆಲ್ಲ ಸುಂದರವಾಗಿದೆ ಎಂದರು. ನಿರ್ದೇಶಕಿಗೆ ಮಾತ್ರ ಏನೋ ಕಿರಿಕಿರಿ, ಏನೆಂದು ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ. ಸಹಾಯಕ ಸಂಕಲನಕಾರ್ತಿ ಒಂದು ಮಧ್ಯಾಹ್ನ ಕೂತು, ಟೈಮ್‌ಲೈನ್ ಮೇಲೆ ಯಾರು ಎಷ್ಟು ಹೊತ್ತು ಮಾತಾಡುತ್ತಾರೆ ಎಂದು ಪಟ್ಟಿ ಮಾಡಿದರು. ಈ ಪ್ರಕರಣದ ಮೊದಲ ತಿರುವು ಅದು.

ಒಟ್ಟು ಮಾತು 38 ನಿಮಿಷ. ಅದರಲ್ಲಿ ನಿರೂಪಣೆ 14, ಸಂಸ್ಥೆಯ ಮುಖ್ಯಸ್ಥರು 7, ವಿದೇಶದ ಕಲಾ ಇತಿಹಾಸಕಾರರು 6, ಮನೆತನದ ಯಜಮಾನರು 4. ಕಲಾವಿದೆಯ ಪಾಲು 3 ನಿಮಿಷ 20 ಸೆಕೆಂಡು. ಆ ಮೂರು ನಿಮಿಷದಲ್ಲೂ ಗಂಡ ತೀರಿಕೊಂಡದ್ದು, ಮಕ್ಕಳ ಸಂಖ್ಯೆ, ಬಡತನ ಇವೇ ಹೆಚ್ಚು. ಗೋಡೆಚಿತ್ರದ ಬಗ್ಗೆ ಆಡಿದ್ದು 40 ಸೆಕೆಂಡು. ಮಿಕ್ಕದ್ದು ಇತರ ಹೆಂಗಸರ ಹಾಡು, ಬಿಡಿಬಿಡಿ ಮಾತು. ಪರದೆಯ ಕೆಳಗೆ ಬರುವ ಪರಿಚಯದ ಪಟ್ಟಿಯಲ್ಲಿ ಇತಿಹಾಸಕಾರರಿಗೆ ಪೂರ್ಣ ಹೆಸರು, ಹುದ್ದೆ, ವಿಶ್ವವಿದ್ಯಾಲಯ ಎಲ್ಲ ಇತ್ತು. ಕಲಾವಿದೆಗೆ ಮೊದಲ ಹೆಸರು ಮಾತ್ರ, ಜತೆಗೆ ‘ಸಾಂಪ್ರದಾಯಿಕ ಚಿತ್ರಗಾರ್ತಿ’.

ಆಮೇಲೆ ಶಾಟ್‌ಗಳನ್ನೂ ಎಣಿಸಿದರು. ಗೋಡೆ ಬರೆಯುವ 71 ಶಾಟ್‌ಗಳಲ್ಲಿ 48 ಬರೀ ಕೈ. ಕೆಲಸ ಮಾಡುವ ಕೈಯೂ ಅದೇ ಹೆಂಗಸಿನ ಮುಖವೂ ಒಂದೇ ಚೌಕಟ್ಟಿನಲ್ಲಿ ಕಾಣುವುದು ಒಂಬತ್ತರಲ್ಲಿ ಮಾತ್ರ.

ಇದಕ್ಕೆ ಧೋರಣೆಯೇ ಕಾರಣ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಸಂಕಲನಕಾರರನ್ನು ಕೇಳಿದಾಗ ಸಿಕ್ಕ ಉತ್ತರ ಬೇರೆ. ಜಗಲಿಯ ಗೋಡೆಗೆ ಬಿಳಿ ಕಲ್ಲಿನ ಬಣ್ಣ ದಟ್ಟವಾಗಿ ಬಳಿದಿತ್ತು. ಚಿತ್ತಾರ ಬಿಳಿಚಿಕೊಳ್ಳಬಾರದೆಂದು ಕ್ಯಾಮೆರಾಮನ್ ಗೋಡೆಗೆ ಎಕ್ಸ್‌ಪೋಷರ್ ಹೊಂದಿಸಿದ್ದರು. ಕಡುಕಪ್ಪು ಮೈಬಣ್ಣದ ಮುಖಗಳು ಎರಡು ಸ್ಟಾಪ್‌ನಷ್ಟು, ಅಂದರೆ ಕಾಲು ಪಾಲು ಬೆಳಕಿಗೆ, ಕೆಳಗಿಳಿದಿದ್ದವು. ರೆಕಾರ್ಡ್ ಆದದ್ದು 8 ಬಿಟ್‌ನಲ್ಲಿ, ಅಂದರೆ ಛಾಯೆಗಳ ಮೆಟ್ಟಿಲು ಕಡಿಮೆ. ಮುಖವನ್ನು ಎತ್ತಲು ಹೋದರೆ ನೆರಳಿನಲ್ಲಿ ಕಾಳುಕಾಳು ಗದ್ದಲ, ಬಣ್ಣದ ಪಟ್ಟೆ. ಸಂಕಲನಕಾರರಿಗೆ ಚೊಕ್ಕಟವಾಗಿ ಸಿಕ್ಕದ್ದು ಬಣ್ಣ ಮೆತ್ತಿದ ಕೈಗಳ ಹತ್ತಿರದ ಶಾಟ್‌ಗಳು, ಅವನ್ನೇ ಬಳಸಿದರು. ಕಲಾವಿದೆಯ ಮುಖ ಚಿತ್ರದಿಂದ ಜಾರಿದ್ದರ ಅರ್ಧ ಕಾರಣ ಲೆನ್ಸ್ ಎಷ್ಟು ತೆರೆದಿದೆ ಎಂದು ಹೇಳುವ ಒಂದು ಅಪರ್ಚರ್ ಸಂಖ್ಯೆ. ನೋಡುವವರಿಗೆ ಅದು ಗೊತ್ತಾಗುವುದಿಲ್ಲ. ಅವರಿಗೆ ಕಾಣುವುದು ಹೆಸರಿಲ್ಲದ ಕೈಗಳು, ಅದರ ಮೇಲೆ ಹರಿಯುವ ನಿರೂಪಕರ ದನಿ.

ಮೊದಲ ಮದ್ದು ಹಿಡಿಯಲಿಲ್ಲ

ಪಟ್ಟಿ ನೋಡಿದ ನಿರ್ಮಾಪಕರು ಪರಿಹಾರ ಸೂಚಿಸಿದರು: ನಿರೂಪಣೆಯನ್ನು ಕಲಾವಿದೆಯ ಬಾಯಲ್ಲೇ ಇಡಿ, ‘ನಾನು’ ಎಂದು ಶುರುಮಾಡಿ, ಅಕ್ರಾದ ನಟಿಯೊಬ್ಬರಿಂದ ಇಂಗ್ಲಿಷ್‌ನಲ್ಲಿ ಓದಿಸಿ. ಕೈಯಲ್ಲಿದ್ದ ದುಭಾಷಿಯ ಇಂಗ್ಲಿಷ್ ಮಾತುಗಳನ್ನು ಜೋಡಿಸಿ ಹನ್ನೊಂದು ನಿಮಿಷದ ಪಠ್ಯ ಬರೆದರು, ದನಿಮುದ್ರಣವೂ ಆಯಿತು. ಲೆಕ್ಕದ ಪಟ್ಟಿಯಲ್ಲಿ ಕಲಾವಿದೆಯ ಪಾಲು ಒಮ್ಮೆಗೇ ಏರಿತು.

ಇದನ್ನು ಅಕ್ರಾದಲ್ಲಿ ಓದುತ್ತಿದ್ದ, ನಂಕಾನಿ ಮನೆಮಾತಿನ ಒಬ್ಬ ವಿದ್ಯಾರ್ಥಿನಿಗೆ ತೋರಿಸಿದರು. ನಟಿಯ ದನಿಯಡಿ ಕಲಾವಿದೆಯ ಮೂಲ ಮಾತು ಸಣ್ಣದಾಗಿ ಕೇಳುತ್ತಿತ್ತು. ಆಕೆ ಎರಡೇ ನಿಮಿಷಕ್ಕೆ ನಿಲ್ಲಿಸಿ, ಅಜ್ಜಿ ಇಲ್ಲಿ ಹೇಳುತ್ತಿರುವುದೇ ಬೇರೆ ಎಂದರು.

41ನೇ ಕ್ಲಿಪ್‌ನಲ್ಲಿ ಕಲಾವಿದೆ ನಾಲ್ಕು ನಿಮಿಷ ಮಾತಾಡುತ್ತಾರೆ, ದುಭಾಷಿ ಅರ್ಧ ನಿಮಿಷದಲ್ಲಿ ಮುಗಿಸುತ್ತಾರೆ. ದುಭಾಷಿಯ ಪ್ರಕಾರ ಅವರು ಹೇಳಿದ್ದು: ಇದು ಹಿರಿಯರಿಂದ ಬಂದ ಕಲೆ, ಅವರು ತೋರಿಸಿದ ಹಾಗೆ ಮಾಡುತ್ತೇವೆ. ನಿಜಕ್ಕೂ ಅವರು ಎದುರುಮನೆಯ ಗೋಡೆಯನ್ನು ಜಾಡಿಸುತ್ತಿದ್ದರು. ಕಪ್ಪಿಗೆ ಕಲ್ಲು ಅರೆಯುವ ಬದಲು ಡಾಂಬರು ಬಳಿದಿದ್ದಾರೆ. ಗೋಡೆ ಹಳತಾದರೂ ಡಾಂಬರು ಹಳತಾಗದು, ಅದರ ಹೊಳಪು ಬೇರೆಯೇ ನಿಲ್ಲುತ್ತದೆ. ಕೆಳಗಿನ ಪಟ್ಟಿ ಅತಿ ಅಗಲವಾಗಿ ಮನೆ ಕುಕ್ಕುರುಗಾಲಲ್ಲಿ ಕೂತ ಹಾಗೆ ಕಾಣುತ್ತದೆ. ನಡುವಿನ ಸಾಲನ್ನು ಒಂದು ಗೇಣು ಮೇಲಕ್ಕೆ ಎತ್ತಬೇಕಿತ್ತು. ಇನ್ನೊಂದು ಕಡೆ, ತನ್ನ ಕೆಲಸಕ್ಕೆ ಯಾರು ಎಷ್ಟು ಕೊಟ್ಟರು, ಯಾರು ಕೊಡದೆ ಬಾಕಿ ಉಳಿಸಿಕೊಂಡರು ಎಂಬ ಲೆಕ್ಕವಿತ್ತು. ಕಲಾವಿಮರ್ಶೆಯೂ ಕೂಲಿಯೂ ಸೋರಿಹೋಗಿ ‘ಪರಂಪರೆ’ ಒಂದೇ ದಾಟಿಬಂದಿತ್ತು.

ದುಭಾಷಿಯನ್ನು ದೂರುವುದು ಅನ್ಯಾಯ. ಆ ಯುವಕ ವರ್ಷಗಳಿಂದ ಪ್ರವಾಸಿಗರಿಗೆ ಮಾತು ದಾಟಿಸುತ್ತಿದ್ದವರು, ಬಂದವರು ಏನು ಕೇಳಲು ಬಯಸುತ್ತಾರೆಂದು ಬಲ್ಲವರು. ಮೇಲಾಗಿ ಕಲಾವಿದೆಯ ಗಂಡನ ಕಡೆಯ ಸಂಬಂಧಿ. ಎದುರುಮನೆಯ ಮೇಲಿನ ಟೀಕೆಯನ್ನು ಹೊರಗಿನವರ ಕ್ಯಾಮೆರಾ ಮುಂದೆ ಇಂಗ್ಲಿಷ್‌ಗೆ ತಂದು ನಾಳೆ ಅದೇ ಬೀದಿಯಲ್ಲಿ ಓಡಾಡುವುದು ಹೇಗೆ? ಇಂಥ ಜಾಗದಲ್ಲಿ ಕುಟುಂಬದ ಗಂಡಸನ್ನು ದುಭಾಷಿಯಾಗಿ ಇಟ್ಟುಕೊಂಡರೆ ಬರುವ ಫಲಿತಾಂಶ ಬಹುಮಟ್ಟಿಗೆ ಇದೇ.

ನಿರ್ದೇಶಕಿಗೆ ಹೆಚ್ಚು ನಾಟಿದ್ದು ಇನ್ನೊಂದು ವಿಷಯ. 1965ರಲ್ಲಿ ಸೆನೆಗಲ್‌ನ ನಿರ್ದೇಶಕ ಉಸ್ಮಾನ್ ಸೆಂಬೆನ್, ಆಫ್ರಿಕಾದಲ್ಲಿ ಚಿತ್ರ ಮಾಡುತ್ತಿದ್ದ ಫ್ರೆಂಚ್ ನಿರ್ದೇಶಕ ಜಾನ್ ರೂಶ್ ಎದುರಿಗೇ, ನೀವು ನಮ್ಮನ್ನು ಹುಳುಗಳಂತೆ ನೋಡುತ್ತೀರಿ ಎಂದಿದ್ದರು. ಆಫ್ರಿಕಾದ ಸಿನಿಮಾ ಓದಿದವರೆಲ್ಲರಿಗೂ ಈ ಮಾತು ಗೊತ್ತು, ಅದು ಬಿಳಿಯರ ಕ್ಯಾಮೆರಾದ ಮಾತು ಎಂದೇ ಓದಿಕೊಂಡಿರುತ್ತಾರೆ. ಹತ್ತು ವರ್ಷದ ಬಳಿಕ, 1975ರಲ್ಲಿ, ಸೆನೆಗಲ್‌ನವರೇ ಆದ ಸಫಿ ಫಾಯ್ ತಮ್ಮ ಮನೆತನದ ಹಳ್ಳಿಯಲ್ಲಿ ಚಿತ್ರ ಮಾಡಿದಾಗ ರೈತರು ಶೇಂಗಾ ಬೆಳೆಯ ಕಷ್ಟವನ್ನು ತಾವೇ ಚರ್ಚಿಸಿದರು. ಫಾಯ್ ಆ ಊರಿನ ಮಾತು ಬಲ್ಲವರಾಗಿದ್ದರು. ಅಕ್ರಾದಿಂದ ಬಂದ ಆಫ್ರಿಕನ್ ಹೆಣ್ಣುಮಗಳೇ ಚಿತ್ರ ಮಾಡಿದರೂ ಭಾಷೆ ಇಲ್ಲದಿದ್ದರೆ ಪಟ್ಟಿಯ ಅಂಕಿ ಬದಲಾಗುವುದಿಲ್ಲ ಎಂಬುದು ಇಲ್ಲಿ ಸಂಖ್ಯೆಗಳಲ್ಲೇ ಕಾಣುತ್ತಿತ್ತು. ನಟಿಯ ದನಿಯನ್ನು ಕೈಬಿಟ್ಟರು.

ಪೂರ್ತಿ ಅನುವಾದ

ಮುಂದಿನ ತೀರ್ಮಾನ ದುಬಾರಿಯಾಗಿತ್ತು: ದನಿ ಇರುವ ಎಲ್ಲ ಸಾಮಗ್ರಿಯೂ ಅಕ್ಷರಕ್ಕಿಳಿದು ಅನುವಾದವಾಗುವವರೆಗೆ ಸಂಕಲನ ನಿಲ್ಲಿಸುವುದು. ಒಟ್ಟು 22 ಗಂಟೆ. ಇಬ್ಬರು ಹೆಂಗಸರನ್ನು ನೇಮಿಸಿಕೊಂಡರು. ಒಬ್ಬರು ಆ ಸೀಮೆಯವರೇ, ಆದರೆ ಆ ಹಳ್ಳಿಗೆ ನಂಟಿಲ್ಲದವರು; ಇನ್ನೊಬ್ಬರು ಮೊದಲ ರೂಪವನ್ನು ನೋಡಿ ತಡೆದ ವಿದ್ಯಾರ್ಥಿನಿ. ಮೊದಲನೆಯವರು ನಂಕಾನಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯುವುದು, ಎರಡನೆಯವರು ಇಂಗ್ಲಿಷ್‌ಗೆ ತರುವುದು, ವಾರಕ್ಕೊಮ್ಮೆ ಇಬ್ಬರೂ ಕೂತು ಅನುಮಾನಗಳನ್ನು ಬಗೆಹರಿಸುವುದು.

ಕೆಲಸದ ಕ್ರಮ ಹೀಗಿತ್ತು. ಎಲ್ಲ ಕ್ಲಿಪ್‌ಗಳ 720 ಪಿಕ್ಸೆಲ್‌ನ ಹಗುರ ಪ್ರತಿ, ಮೂಲೆಯಲ್ಲಿ ಟೈಮ್‌ಕೋಡ್ (ಗಂಟೆ, ನಿಮಿಷ, ಸೆಕೆಂಡಿನ ಗುರುತು) ಅಚ್ಚಾಗಿರುವಂತೆ. ಅದಕ್ಕೆ ನೆದರ್ಲೆಂಡ್ಸ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಉಚಿತವಾಗಿ ಕೊಡುವ ಇಲಾನ್ ತಂತ್ರಾಂಶದಲ್ಲಿ ಒಬ್ಬೊಬ್ಬ ಮಾತುಗಾರರಿಗೂ ಒಂದೊಂದು ಸಾಲು, ಅದರಡಿ ಅನುವಾದದ ಸಾಲು. ಮುಗಿದದ್ದನ್ನು ಸಬ್‌ಟೈಟಲ್ ಕಡತವಾಗಿ ಹೊರತೆಗೆದು ಸಂಕಲನದ ಟೈಮ್‌ಲೈನ್‌ಗೆ ಇಳಿಸಬಹುದು. ಸಂಕಲನಕಾರರಿಗೆ ಭಾಷೆ ಬಾರದಿದ್ದರೂ ವಾಕ್ಯ ಎಲ್ಲಿ ಮುಗಿಯುತ್ತದೆಂದು ಕಾಣುತ್ತದೆ. ಮಾತಿನ ನಡುವೆ ಕತ್ತರಿ ಬೀಳುವುದು ತಪ್ಪುತ್ತದೆ. ಒಬ್ಬರೇ ಮಾತಾಡುವ ಒಂದು ಗಂಟೆಯ ದನಿಗೆ ಒಂಬತ್ತು–ಹತ್ತು ಗಂಟೆ ಕೆಲಸ ಹಿಡಿಯಿತು. ನಾಲ್ಕು ಜನ ಒಟ್ಟಿಗೆ ಮಾತಾಡುವ ಕಡೆ ಅದರ ಇಮ್ಮಡಿ.

ಕೆಲಸದ ನಡುವಿನ ಮಾತನ್ನು ಮೊದಲು, ಸಂದರ್ಶನಗಳನ್ನು ಆಮೇಲೆ ಎತ್ತಿಕೊಂಡದ್ದು ಒಳ್ಳೆಯ ಉಪಾಯ. ಕೂರಿಸಿ ಕೇಳಿದ ಪ್ರಶ್ನೆಗೆ ಜನ ಅತಿಥಿಗೆ ತಕ್ಕ ಉತ್ತರ ಕೊಡುತ್ತಾರೆ. ಕೆಲಸದ ನಡುವೆ ಆಡುವ ಮಾತಿನಲ್ಲಿ ತೀರ್ಪು, ತಮಾಷೆ, ತಕರಾರು ಎಲ್ಲ ಇರುತ್ತದೆ. ಕೆಟ್ಟದ್ದೆಂದರೆ ಆ ಮಾತೆಲ್ಲ ಕ್ಯಾಮೆರಾದ ತಲೆಯ ಮೇಲಿದ್ದ ಮೈಕ್‌ನಲ್ಲಿ ಮಾತ್ರ ರೆಕಾರ್ಡಾಗಿತ್ತು. ಮರದ ಹಲಗೆಯಿಂದ ಗಿಲಾವು ಬಡಿಯುವ ಸದ್ದಿನಲ್ಲಿ ಅರ್ಧಕ್ಕರ್ಧ ಮುಳುಗಿತ್ತು.

ನಮ್ಮ ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಯನ್ನು ಚಿತ್ರೀಕರಿಸುವವರು ಇಲ್ಲಿ ಒಂದು ಕ್ಷಣ ನಿಲ್ಲಬಹುದು. ಆಫ್ರಿಕಾ ಮೂಲದ ಈ ಸಮುದಾಯದ ಹೆಂಗಸರು ಅಂಚಿನಿಂದ ಹೊಲಿಗೆ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಹಗ್ಗದ ಮೇಲೆ ತೂಗುಹಾಕಿದ ಮುಗಿದ ಕೌದಿಯಲ್ಲಿ ಆ ಕ್ರಮ ಕಾಣದು. ಮನೆಯೊಳಗೆ ಕೊಂಕಣಿಯ ಒಂದು ಬಗೆ, ಹೊರಗಿನವರ ಜತೆ ಕನ್ನಡ. ಸಂದರ್ಶನ ಕನ್ನಡದಲ್ಲೇ ಸಿಕ್ಕಿತೆಂದು ಕ್ಯಾಮೆರಾ ಮಡಚಿದರೆ ಕೈಗೆ ಬರುವುದು ಅತಿಥಿಗೆಂದು ಇಟ್ಟ ಮಾತು. ಬಟ್ಟೆ ತುಂಡಿನ ಬಣ್ಣ ಆರಿಸುವಾಗ ಅಕ್ಕಪಕ್ಕದವರೊಡನೆ ಆಡುವುದನ್ನು ಅವರು ಕೊಂಕಣಿಯಲ್ಲಿ ಆಡಿಕೊಳ್ಳುತ್ತಾರೆ.

ಒಣಗಾಲದಲ್ಲಿ ಮರಳಿ

ಅನುವಾದ ಕೈಗೆ ಬಂದಾಗ, ಚಿತ್ರಕ್ಕೆ ಬೇಕಾದ ಕೆಲಸವೇ ಚಿತ್ರೀಕರಣವಾಗಿಲ್ಲ ಎಂಬುದು ಖಚಿತವಾಯಿತು. ಗೋಡೆಯನ್ನು ಎಷ್ಟು ಪಟ್ಟಿಯಾಗಿ ಒಡೆಯಬೇಕು, ಯಾವ ಸಾಲಿಗೆ ಯಾವ ಚಿತ್ತಾರ ಎಂದು ತೀರ್ಮಾನಿಸುವುದು ಕಲಾವಿದೆಯ ಮುಖ್ಯ ಕೆಲಸ. ಎರಡು ಮೀಟರಿನ ಪ್ರದರ್ಶನದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ತಂಡ ಫೆಬ್ರುವರಿಯಲ್ಲಿ ಮರಳಿತು. ಈ ಸಲ ಮಾತುಕತೆಗೆ ವಿದ್ಯಾರ್ಥಿನಿಯೇ ಜತೆಗಿದ್ದರು.

ಮೊದಲ ಬಾರಿಯ ಹಣ ‘ಸಮುದಾಯ ಶುಲ್ಕ’ ಎಂದು ಸಂಸ್ಥೆಗೆ ಸಂದಿತ್ತು. ಕಲಾವಿದೆ ಈಗ ನೇರವಾಗಿ ಹೇಳಿದರು: ಮತ್ತೆ ತೋರಿಸಲು ಬರೆಯುವುದಿಲ್ಲ, ಬೇಕಿದ್ದರೆ ಒಂದು ಗೋಡೆ ಬರೆಸಿ. ಮಣ್ಣು, ಸಗಣಿ, ಬಣ್ಣದ ಕಲ್ಲು, ನೀರು ಹೊರುವವರು, ಜತೆಯ ನಾಲ್ವರು ಹೆಂಗಸರ ಕೂಲಿ, ಊಟ, ಜೋಳದ ಪಿಟೊ ಹೆಂಡ ಎಲ್ಲ ಸೇರಿಸಿ ದರ ಹೇಳಿದರು. ಗೋಡೆಯನ್ನೂ ತಾವೇ ಆರಿಸಿಕೊಂಡರು: ಮಗ ಕಟ್ಟಿಸಿದ, ತಗಡಿನ ಚಾವಣಿಯ ಸಿಮೆಂಟ್ ಇಟ್ಟಿಗೆ ಕೋಣೆ.

ವಾಹಿನಿಯ ಕಡೆಯವರಿಗೆ ಇದು ಸುತರಾಂ ಹಿಡಿಸಲಿಲ್ಲ. ಪಕ್ಕದಲ್ಲೇ ದುಂಡನೆಯ ಹಳೆಯ ಮಣ್ಣಿನ ಮನೆಯಿದೆ, ಅದನ್ನು ಬಿಟ್ಟು ತಗಡಿನ ಕೋಣೆ ಯಾಕೆ? ಒಂದು ವಾರ ಮಿಂಚಂಚೆಗಳು ಓಡಾಡಿದವು. ಕಲಾವಿದೆಯ ಕಾರಣ ಸರಳ: ಹಳೆ ಮನೆ ಎರಡು ಮಳೆ ಕಂಡರೆ ಹೆಚ್ಚು, ಈ ಕೋಣೆಯಲ್ಲಿ ಮೊಮ್ಮಕ್ಕಳು ಇರುತ್ತಾರೆ. ನಿರ್ದೇಶಕಿ ಅವರ ಆಯ್ಕೆಗೇ ಒಪ್ಪಿದರು. ನನ್ನ ಮಟ್ಟಿಗೆ ಈ ಪ್ರಕರಣದ ಅತಿ ದೊಡ್ಡ ತೀರ್ಮಾನ ಇದೇ, ಯಾಕೆಂದರೆ ಕಲಾವಿದೆ ಎಂದರೆ ಆಯ್ಕೆ ಮಾಡುವವರು. ಗೋಡೆಯನ್ನೇ ನಾವು ಆರಿಸಿಕೊಟ್ಟು ಅವರ ಕಲೆಯನ್ನು ತೋರಿಸುತ್ತೇವೆ ಎನ್ನುವುದು ಹೇಗೆ?

ಆ ಆಯ್ಕೆಯೇ ಚಿತ್ರಕ್ಕೆ ಅದರ ಅತ್ಯುತ್ತಮ ಹದಿನಾರು ನಿಮಿಷ ಕೊಟ್ಟಿತು. ಸಿಮೆಂಟಿನ ಮೇಲೆ ಮಣ್ಣಿನ ಗಿಲಾವು ಸುಲಭಕ್ಕೆ ಹಿಡಿಯದು. ಸಿಮೆಂಟ್ ನೀರನ್ನು ಹೀರಿಕೊಳ್ಳುವ ವೇಗ ಬೇರೆ, ಅದರ ಮೈಯೂ ನುಣುಪು. ಮಣ್ಣು ಒಣಗುತ್ತ ಕುಗ್ಗುವಾಗ ಕಚ್ಚಿ ನಿಲ್ಲಲು ಹಿಡಿತವಿಲ್ಲದೆ ಹಾಳೆಯಂತೆ ಬಿಟ್ಟುಕೊಳ್ಳುತ್ತದೆ. ಮೊದಲ ಲೇಪ ಮರುದಿನ ಮಧ್ಯಾಹ್ನಕ್ಕೆ ಬಲಮೂಲೆಯಲ್ಲಿ ಬಿರಿದು, ತಟ್ಟೆಯಗಲದ ಚಕ್ಕೆ ಕಳಚಿ ಬಿತ್ತು. ಕಲಾವಿದೆ ಚಕ್ಕೆಯನ್ನು ಎತ್ತಿ ಅದರ ಹಿಂಬದಿ ತಿರುಗಿಸಿ ನೋಡಿದರು, ಬೆರಳಿನಿಂದ ಉಜ್ಜಿದರು, ಹಿಂಬದಿ ಪುಡಿಯಾಗದೆ ಗಾಜಿನಂತಿದೆ ಎಂದು ತೋರಿಸಿದರು. ಮೂಲೆಯ ಮಣ್ಣನ್ನೆಲ್ಲ ಕೆರೆಸಿ, ಸಿಮೆಂಟಿನ ಮೈಗೆ ಗುದ್ದಲಿಯ ಮೂತಿಯಿಂದ ಕಚ್ಚು ಹೊಡೆಸಿ, ಸಂಜೆ ನೀರು ಎರಚಿಸಿ, ಬೆಳಗ್ಗೆ ಮತ್ತೆ ನೀರು ಎರಚಿಸಿ, ಸಗಣಿ ಹೆಚ್ಚಿಸಿದ ತೆಳು ರಾಡಿಯನ್ನು ಮೊದಲು ಬಡಿಸಿ ಆಮೇಲೆ ದಪ್ಪ ಲೇಪ ಹಾಕಿಸಿದರು. ಒಬ್ಬಾಕೆ ಇದಕ್ಕೆ ಡಾಂಬರು ಬಳಿದರೆ ಮುಗಿಯಿತಲ್ಲ ಎಂದಾಗ ಸಿಕ್ಕಿದ ಉತ್ತರ ಚಿತ್ರದಲ್ಲಿದೆ, ನಗು ತಡೆಯಲಾಗುವುದಿಲ್ಲ.

ಲೇಪ ಅರೆಒಣಗಿದಾಗ ಗೆರೆಗಳನ್ನು ಕೊರೆದರು. ಗಿನಿಕೋಳಿಯ ಪುಕ್ಕದಿಂದ ಬಣ್ಣ ತುಂಬಿದರು: ಜಂಬಿಟ್ಟಿಗೆಯ ಕೆಮ್ಮಣ್ಣು, ಅರೆದ ಕರಿಗಲ್ಲು, ಸೀಮೆಸುಣ್ಣದಂಥ ಬಿಳಿ ಕಲ್ಲು. ಹೊಳೆಯ ನುಣುಪುಗಲ್ಲಿನಿಂದ ತಿಕ್ಕಿದರು. ಕೊನೆಗೆ ಡಾವಡಾವ ಮರದ ಕಾಯಿಸಿಪ್ಪೆ ಕುದಿಸಿದ ಕಂದು ನೀರನ್ನು ಗೋಡೆಗೆ ಎರಚಿದರು. ಅದು ಆರಿದ ಮೇಲೆ ಗೋಡೆಗೆ ವಾರ್ನಿಶ್‌ನಂತೆ ಕಾವಲು.

ಚಿತ್ರೀಕರಣದ ರೀತಿಯೂ ಬದಲಾಗಿತ್ತು. ಕ್ಯಾಮೆರಾ ನೆಲದಿಂದ 90 ಸೆಂಟಿಮೀಟರ್ ಎತ್ತರದಲ್ಲಿ, ಕೂತು ಕೆಲಸ ಮಾಡುವವರ ಕಣ್ಣಿನ ಮಟ್ಟಕ್ಕೆ. ಉದ್ದ ಲೆನ್ಸ್ ಬಿಟ್ಟು 35 ಮಿಲಿಮೀಟರ್, ಮುಖವೂ ಕೈಯೂ ಗೋಡೆಯೂ ಒಟ್ಟಿಗೆ ಬರುವಂತೆ. ರೆಕಾರ್ಡಿಂಗ್ ನೆರಳು-ಬೆಳಕಿನ ವಿವರ ಹೆಚ್ಚು ಉಳಿಸುವ 10 ಬಿಟ್ ಲಾಗ್‌ನಲ್ಲಿ. ಬೆಳಕಿನ ಮಟ್ಟ ತೋರಿಸುವ ವೇವ್‌ಫಾರ್ಮ್‌ನಲ್ಲಿ ಮುಖದ ಬೆಳಕಿನ ಭಾಗ ನೂರಕ್ಕೆ 45ರ ಆಸುಪಾಸು ಇರಲಿ, ಬಿಳಿ ಬಣ್ಣ ಒಂದಿಷ್ಟು ಹಾರಿದರೂ ಚಿಂತೆಯಿಲ್ಲ ಎಂದು ಕ್ಯಾಮೆರಾಮನ್ ಜತೆ ಮೊದಲೇ ಮಾತಾಯಿತು. ಬೆಳಗ್ಗೆ ಆರರಿಂದ ಒಂಬತ್ತು, ಮಧ್ಯಾಹ್ನ ಮೂರೂವರೆಯ ಮೇಲೆ ಮಾತ್ರ ಹೊರಗಿನ ಶಾಟ್. ಸಹಾರಾ ಕಡೆಯಿಂದ ಬೀಸುವ ಹರ್ಮಟಾನ್ ಗಾಳಿಯ ಧೂಳುಮಂಜು ಬಿಸಿಲನ್ನು ತಾನಾಗಿಯೇ ಮೆತ್ತಗೆ ಮಾಡಿಕೊಟ್ಟಿತು, ಲೆನ್ಸ್ ಬದಲಿಸುವ ಕೆಲಸವನ್ನು ಮಾತ್ರ ಕೋಣೆಯೊಳಗೇ ಮಾಡಬೇಕಾಯಿತು. ಮೈಕ್‌ಗಳನ್ನು ಎದೆಯ ಮೇಲೆ ಸಿಕ್ಕಿಸಿದಾಗ ಬಗ್ಗಿದಾಗೆಲ್ಲ ಬಟ್ಟೆ ಉಜ್ಜುತ್ತಿತ್ತು. ತಲೆವಸ್ತ್ರದ ಮಡಿಕೆಯೊಳಗೆ, ಹಣೆಯ ಮೇಲ್ಭಾಗದಲ್ಲಿ ಅಡಗಿಸಿದ ಮೇಲೆ ಸರಿಹೋಯಿತು. ಒಬ್ಬೊಬ್ಬರಿಗೂ 32 ಬಿಟ್ ಫ್ಲೋಟ್‌ನ ಪುಟ್ಟ ರೆಕಾರ್ಡರ್ ಕೊಟ್ಟಿದ್ದರಿಂದ ಪಿಸುಮಾತೂ ಹಲಗೆಯ ಬಡಿತವೂ ಒಂದೇ ಕಡತದಲ್ಲಿ ಒಡೆಯದೆ ಉಳಿದವು.

ತೋರಿಸಿ ಕೇಳಿದ್ದು

ಮೊದಲ ಸಲದ ಒಪ್ಪಿಗೆ ಇಂಗ್ಲಿಷ್ ನಮೂನೆ, ಅದರ ಮೇಲೆ ಹೆಬ್ಬೆಟ್ಟು. ಈಗ ಒಪ್ಪಿಗೆಯನ್ನು ನಂಕಾನಿಯಲ್ಲೇ ಕೇಳಿ, ಉತ್ತರವನ್ನು ರೆಕಾರ್ಡ್ ಮಾಡಿಕೊಂಡರು. ಚಿತ್ರೀಕರಣಕ್ಕೆ ಮುಂಚೆ, ರಫ್ ಕಟ್ ನೋಡಿದ ಮೇಲೆ, ಬಿಡುಗಡೆಗೆ ಮುಂಚೆ, ಹೀಗೆ ಮೂರು ಹಂತ. ಸಿನಿಮಾಕ್ಕೆ, ಸ್ಥಿರಚಿತ್ರಕ್ಕೆ, ಅಂತರಜಾಲದ ತುಣುಕಿಗೆ, ಚಿತ್ತಾರವನ್ನು ಪೋಸ್ಟರ್ ಅಥವಾ ಸಾಮಾನಿನ ಮೇಲೆ ಬಳಸುವುದಕ್ಕೆ ಬೇರೆಬೇರೆ ಪ್ರಶ್ನೆ. ಮನೆಯ ಬಗ್ಗೆ ಯಜಮಾನರ ಒಪ್ಪಿಗೆ ಬೇಕೇಬೇಕು, ಅದನ್ನು ಪಡೆದರು. ಕಲಾವಿದೆಯ ಒಪ್ಪಿಗೆಗೆ ಅದು ಬದಲಿ ಎಂದು ಮಾತ್ರ ಎಣಿಸಲಿಲ್ಲ.

ಹೊಸ ರಫ್ ಕಟ್ ಅನ್ನು ಮೊದಲು ಅಂಗಳದಲ್ಲಿ ಎಲ್ಲರಿಗೂ ತೋರಿಸಿದರು. ಹೆಂಗಸರು ತುಟಿ ಬಿಚ್ಚಲಿಲ್ಲ. ಮರುದಿನ ಕೋಣೆಗೆ ಕಪ್ಪು ಬಟ್ಟೆ ಕಟ್ಟಿ, ಬ್ಯಾಟರಿ ಪ್ರೊಜೆಕ್ಟರ್ ಇಟ್ಟು, ಹೆಂಗಸರಿಗೆ ಮಾತ್ರ ತೋರಿಸಿದಾಗ ಮಾತು ಹೊರಬಂತು. ಒಳಮನೆಯ ಪೂಜೆಯ ಜಾಗ ಕಾಣುವ ಒಂದು ಶಾಟ್ ತೆಗೆಯಬೇಕು. ಸಿಟ್ಟಿನಲ್ಲಿ ಸೊಸೆಯ ಬಗ್ಗೆ ಆಡಿದ ಒಂದು ವಾಕ್ಯ ತೆಗೆಯಬೇಕು. ಜತೆಯಲ್ಲಿ ದುಡಿದ ನಾಲ್ವರ ಹೆಸರು ಬರಬೇಕು. ಈ ಮೂರಕ್ಕೂ ತಕರಾರಿರಲಿಲ್ಲ.

ನಾಲ್ಕನೆಯದು ಕಷ್ಟದ್ದು. ಗಿಲಾವು ಕಳಚಿ ಬೀಳುವ ಶಾಟ್ ತೆಗೆಯಿರಿ ಎಂದರು ಕಲಾವಿದೆ. ನೋಡಿದವರು ನನ್ನ ಕೆಲಸ ನಿಲ್ಲುವುದಿಲ್ಲ ಎಂದುಕೊಂಡರೆ ಮುಂದೆ ಯಾರು ಕರೆಯುತ್ತಾರೆ? ನಿರ್ದೇಶಕಿಗೆ ಅದೇ ಚಿತ್ರದ ಜೀವ. ಮಾತುಕತೆ ಎರಡು ದಿನ ಎಳೆಯಿತು. ಕೊನೆಗೆ ಕಲಾವಿದೆಯೇ ದಾರಿ ತೋರಿಸಿದರು: ಸಿಮೆಂಟಿಗೆ ಮಣ್ಣು ಯಾಕೆ ಹಿಡಿಯುವುದಿಲ್ಲ ಎಂಬ ತಮ್ಮ ವಿವರಣೆ ಮೊದಲು ಬರಲಿ, ಚಕ್ಕೆ ಬೀಳುವುದು ಆಮೇಲೆ. ಸಂಕಲನದ ದೃಷ್ಟಿಯಿಂದ ಇದು ಕುತೂಹಲವನ್ನು ಕೊಲ್ಲುವ ಜೋಡಣೆ, ಆ ನಷ್ಟ ಅಂತಿಮ ಚಿತ್ರದಲ್ಲಿ ಕಾಣುತ್ತದೆ ಕೂಡ. ಆದರೂ ಹಾಗೇ ಇಟ್ಟರು. ಒಪ್ಪಿಗೆ ಕೇಳುವವರು ತಮ್ಮ ಮೆಚ್ಚಿನ ಕ್ಷಣವನ್ನು ಕಳೆದುಕೊಳ್ಳಲು ಸಿದ್ಧರಿಲ್ಲದಿದ್ದರೆ ಕೇಳದಿರುವುದೇ ಲೇಸು.

ನಿರೂಪಣೆಯಲ್ಲಿ ‘ಸಂಸ್ಥೆ ಈ ಕಲಾವಿದೆಯನ್ನು ಪತ್ತೆಹಚ್ಚಿತು’ ಎಂಬ ಸಾಲು ಆವರೆಗೂ ಉಳಿದಿತ್ತು. ಇದು ಹಳೇ ಚಾಳಿ. ನೈಜೀರಿಯಾದ ಮಡಕೆಗಾರ್ತಿ ಲಾದಿ ಕ್ವಾಲಿಯ ಕಥೆಯನ್ನೂ ಬ್ರಿಟನ್ನಿನ ಮೈಕೆಲ್ ಕಾರ್ಡ್ಯೂ ಅಬುಜದಲ್ಲಿ ಕುಂಬಾರಿಕೆ ಕೇಂದ್ರ ತೆರೆದದ್ದರಿಂದಲೇ ಶುರುಮಾಡುವವರು ಹೆಚ್ಚು. ಆಕೆ 1954ರಲ್ಲಿ ಆ ಕೇಂದ್ರ ಸೇರುವ ಮೊದಲೇ ಆಕೆಯ ಮಡಕೆಗಳು ಅಲ್ಲಿನ ಅರಸ ಎಮಿರನ ಅರಮನೆಯಲ್ಲಿದ್ದವು. ಕಾರ್ಡ್ಯೂ ಕಣ್ಣಿಗೆ ಬಿದ್ದದ್ದೂ ಅಲ್ಲಿಯೇ. ಇಂದು ಆಕೆಯ ಚಿತ್ರ ನೈಜೀರಿಯಾದ 20 ನೈರಾ ನೋಟಿನ ಮೇಲಿದೆ. ಈ ಸಾಕ್ಷ್ಯಚಿತ್ರದ ಆ ಸಾಲನ್ನು ಕತ್ತರಿಸಿ, ಸುತ್ತಲಿನ ಊರುಗಳಲ್ಲಿ ಕಲಾವಿದೆ ಬರೆದ ಮನೆಗಳನ್ನು ಅವರ ಬಾಯಿಂದಲೇ ಒಂದೊಂದಾಗಿ ಹೇಳಿಸಿದರು.

ಪರಿಣಾಮ, ಲೆಕ್ಕ

52 ನಿಮಿಷದ ಅಂತಿಮ ರೂಪದಲ್ಲಿ ಮಾತು ಸುಮಾರು 31 ನಿಮಿಷ: ಕಲಾವಿದೆ 17, ಜತೆಯ ಹೆಂಗಸರು 6, ಯಜಮಾನರು, ಸಂಸ್ಥೆ, ನಿರೂಪಣೆ ತಲಾ 2. ಇತಿಹಾಸಕಾರರು ಉಳಿದದ್ದು ಒಂದೂವರೆ ನಿಮಿಷ, ಅದೂ ಅದೇ ಪ್ರಾಂತ್ಯದ ನವ್ರೊಂಗೊ ಊರಿನ ಮಣ್ಣಿನ ಕೆಥೆಡ್ರಲ್‌ನ ಒಳಗೋಡೆಗಳನ್ನು 1970ರ ದಶಕದಲ್ಲಿ ಸಿರಿಗುವಿನ ಹೆಂಗಸರು ಬರೆದದ್ದನ್ನು ಹೇಳುವುದಕ್ಕೆ. ಅನುವಾದಕ್ಕೆ ಮೊದಲು ಬಜೆಟ್ಟಿನ ಶೇ. 3 ಇಟ್ಟಿದ್ದರು, ಮುಗಿಯುವಾಗ ಶೇ. 14 ಆಗಿತ್ತು. ಸಂಗೀತ ಸಂಯೋಜನೆ, ನಿರೂಪಕರ ಸಂಭಾವನೆ, ಡ್ರೋನ್ ಬಾಡಿಗೆ ಇವನ್ನು ಬಿಟ್ಟು ಹೊಂದಿಸಿದರು. ಅಷ್ಟು ಹಣವಿಲ್ಲದ ತಂಡ ಎಲ್ಲಿಂದ ಶುರುಮಾಡಬೇಕು ಎಂದು ಕೇಳಿದರೆ, ಮಾತಿನ ಸಮಯದ ಪಟ್ಟಿ ಮತ್ತು ಕೆಲಸದ ನಡುವಿನ ಒಂದು ಗಂಟೆಯ ಮಾತಿನ ಪೂರ್ತಿ ಅನುವಾದ. ಪಟ್ಟಿಗೆ ಒಂದು ಮಧ್ಯಾಹ್ನ ಸಾಕು, ಅನುವಾದಕ್ಕೆ ಇಬ್ಬರ ಎರಡು ದಿನ. ಅಂಕಿಯನ್ನೇ ಗುರಿ ಮಾಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಆ ನಟಿಯ ದನಿಯ ಹನ್ನೊಂದು ನಿಮಿಷವೇ ಸಾಕ್ಷಿ.

ಸಬ್‌ಟೈಟಲ್ ಇನ್ನೊಂದು ತಲೆನೋವಾಯಿತು. ಸಾಲಿಗೆ 42 ಅಕ್ಷರ, ಸೆಕೆಂಡಿಗೆ 17 ಎಂಬ ವಾಹಿನಿಯ ಮಿತಿಯಲ್ಲಿ ಕಲಾವಿದೆಯ ವೇಗದ ಮಾತು ಹಿಡಿಯುತ್ತಿರಲಿಲ್ಲ. ಮಾತನ್ನು ಚುಟುಕು ಮಾಡುವ ಬದಲು, ಮಾತು ಮುಗಿದ ಮೇಲೂ ಶಾಟ್ ಅನ್ನು ಎರಡು–ಮೂರು ಸೆಕೆಂಡು ಹಿಡಿದು ನಿಲ್ಲಿಸಿದರು. ಚಿತ್ರದ ನಿಧಾನಗತಿ ಬಂದದ್ದು ಅಲ್ಲಿಂದ.

ಸಂಸ್ಥೆಗೆ ಸಮಾಧಾನವಿರಲಿಲ್ಲ. ಬಡತನದ ಭಾಗ ಹೋದರೆ ದೇಣಿಗೆ ಬರುವುದು ಹೇಗೆ ಎಂಬ ಅವರ ಪ್ರಶ್ನೆ ಸುಳ್ಳೇನಲ್ಲ. ಅವರ ಶಾಲೆ, ಬಾವಿಯ ಕೆಲಸದ ದೃಶ್ಯಗಳಿಂದ ನಾಲ್ಕು ನಿಮಿಷದ ಬೇರೆ ತುಣುಕು ಮಾಡಿಕೊಟ್ಟರು, ಕಲಾವಿದೆ ಅದರಲ್ಲಿಲ್ಲ. ತಂಡ ಮತ್ತು ಸಂಸ್ಥೆಯ ಸಂಬಂಧ ಮೊದಲಿನಷ್ಟು ಬೆಚ್ಚಗೆ ಉಳಿಯಲಿಲ್ಲ.

ಪ್ರಸಾರವಾದ ಕೆಲವು ತಿಂಗಳಿಗೆ ವಾಹಿನಿಯ ಪ್ರಚಾರ ವಿಭಾಗ ಒಂದು ಬಟ್ಟೆಚೀಲ ಮಾಡಿಸಿತು. ಅದರ ಮೇಲೆ ಆ ಸಿಮೆಂಟ್ ಕೋಣೆಯ ನಡುಪಟ್ಟಿಯ ಚಿತ್ತಾರವಿತ್ತು. ಒಪ್ಪಿಗೆಯಲ್ಲಿ ಸಾಮಾನಿನ ಪ್ರಶ್ನೆಗೆ ಕಲಾವಿದೆ ಕೊಟ್ಟ ಉತ್ತರ ರೆಕಾರ್ಡಾಗಿತ್ತು: ಮೊದಲು ಕೇಳಬೇಕು, ಹಣ ಕೊಡಬೇಕು. ನಿರ್ದೇಶಕಿ ಆ ದನಿಯ ಪ್ರತಿ, ಅನುವಾದ, ಒಪ್ಪಂದದ ಪುಟ ಈ ಮೂರನ್ನೂ ಕಳಿಸಿದರು. ಚೀಲದ ಹಂಚಿಕೆ ನಿಂತಿತು, ಒಂದು ಮೊತ್ತ ಗೊತ್ತಾಯಿತು. ಹಣ ಸಂಸ್ಥೆಯ ಖಾತೆಗೆ ಹೋಗದೆ ಕಲಾವಿದೆಯ ಮೊಬೈಲ್ ಹಣದ ಸಂಖ್ಯೆಗೇ ಬಂತು. ನಾಲ್ವರು ಹೆಂಗಸರ ಪಾಲು ಎಷ್ಟು ಎಂಬ ಚರ್ಚೆಯನ್ನು ಅವರು ತಮ್ಮ ತಮ್ಮಲ್ಲೇ ಮುಗಿಸಿಕೊಂಡರು, ತಂಡಕ್ಕೆ ಹೇಳಲಿಲ್ಲ.